ಬಿಕ್ಕಳಿಕೆ ಮತ್ತು ಹದಿನೇಳನೇ ಶಿಫಾರಸು

ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಡಿಸೆಂಬರ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ದಕ್ಷಿಣ ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಟವರೊಂದರ ಆರನೇ ಮಹಡಿಯಲ್ಲಿ, ಬಿಸಿ ಉಪ್ಪಿಟ್ಟು ನುಂಗುತ್ತಿದ್ದ ಡಾ. ಯೋಗೀಶ ಅವರಿಗೆ ಒಂದು ಬಿಕ್ಕಳಿಕೆ ಬಂತು.

ಒಂದೇ ಬಂದು ಹೋಗಿದ್ದರೆ ಈ ಪ್ರಕಟಣೆಯ ಅಗತ್ಯವಿರಲಿಲ್ಲ. ಆರು ಸೆಕೆಂಡಿಗೆ ಎರಡನೆಯದು ಬಂತು. ಆಮೇಲೆ ಮೆಟ್ರೋ ರೈಲಿನ ಹಾಗೆ ವೇಳೆಗೆ ಸರಿಯಾಗಿ ಬರತೊಡಗಿದವು.

"ಯಾರೋ ನೆನೆಸ್ಕೊತಿದಾರೆ ಕಣ್ರೀ," ಎಂದಳು ಹೆಂಡತಿ ಧಾರಿಣಿ.

"ಸೆಲೆಕ್ಷನ್ ಕಮಿಟಿಯವರೇ, ಹಿಕ್, ಇರಬೇಕು," ಎಂದರು ಯೋಗೀಶ.

ಹಾಗನ್ನಲು ಕಾರಣವಿತ್ತು. ಅಂದು ಮಧ್ಯಾಹ್ನ ಮೂರಕ್ಕೆ ಅವರ ಪ್ರೊಫೆಸರ್ ಬಡ್ತಿಯ ಸಂದರ್ಶನ. ಈ ಡಾಕ್ಟರು ಮದ್ದು ಕೊಡುವ ಡಾಕ್ಟರಲ್ಲ, ಮದ್ದಿಗೆ ದೇಶ ಎಷ್ಟು ಸುರಿಯುತ್ತದೆ ಎಂದು ಹೇಳುವ ಡಾಕ್ಟರು. ವಿಷಯ, ಆರೋಗ್ಯ ಅರ್ಥಶಾಸ್ತ್ರ. "ಆರೋಗ್ಯ ಜನಕ್ಕಿಲ್ಲ, ಅರ್ಥ ನನಗಿಲ್ಲ, ಉಳಿದದ್ದು ಶಾಸ್ತ್ರ" ಎಂದು ತರಗತಿಯಲ್ಲಿ ಅವರೊಂದು ತಮಾಷೆ ಮಾಡುತ್ತಿದ್ದರು. ಹನ್ನೊಂದು ವರ್ಷದಿಂದ ಅದೇ ತಮಾಷೆ, ಹನ್ನೊಂದು ವರ್ಷದಿಂದ ಅದೇ ಅಸೋಸಿಯೇಟ್ ಪ್ರೊಫೆಸರ್ ಹುದ್ದೆ. ಸಂದರ್ಶನ ನಾಲ್ಕು ಸಲ ಗೊತ್ತಾಗಿ ನಾಲ್ಕು ಸಲ ಮುಂದೆ ಹೋಗಿತ್ತು. ಒಮ್ಮೆ ಚುನಾವಣೆ, ಒಮ್ಮೆ ಕೊರೊನಾ, ಒಮ್ಮೆ ಕಡತ ಸಿಗಲಿಲ್ಲ, ಒಮ್ಮೆ ಕಡತ ಸಿಕ್ಕಿ ಕುಲಸಚಿವರು ಸಿಗಲಿಲ್ಲ. ಈ ಸಲ ಚೆನ್ನೈಯಿಂದ ಬರಬೇಕಾದ ತಜ್ಞರು ಮಂಜಿನಲ್ಲೂ ಬಂದು ಇಳಿದಿದ್ದರು. ಸಂಜೆ ವಿಮಾನಕ್ಕೆ ವಾಪಸ್.

ಯೋಗೀಶರ ಅರ್ಜಿಯಲ್ಲಿ ಹೊಳೆಯುವ ರತ್ನ ಒಂದಿತ್ತು. ವಿಶ್ವವಿದ್ಯಾಲಯದ ನೌಕರರ ಆರೋಗ್ಯ ಯೋಜನೆಯ ಸಮಿತಿಗೆ ಅವರೇ ಅಧ್ಯಕ್ಷರು. ಸುಳ್ಳು ಬಿಲ್ಲುಗಳ ಹಾವಳಿ ತಡೆಯಲು ಅವರು ಬರೆದ ಹದಿನೇಳನೇ ಶಿಫಾರಸಿನ ಪ್ರಕಾರ, ಆಸ್ಪತ್ರೆಯ ಕಂಪ್ಯೂಟರೂ ವಿಶ್ವವಿದ್ಯಾಲಯದ ಕಂಪ್ಯೂಟರೂ ನೇರವಾಗಿ ಮಾತಾಡಿಕೊಳ್ಳುತ್ತಿದ್ದವು. ನಡುವೆ ಮನುಷ್ಯರಿಲ್ಲ. "ಮನುಷ್ಯನ ಬಾಯಿ ನಂಬಬಾರದು" ಎಂಬುದು ಅವರ ಸಂಶೋಧನೆಯ ಸಾರ. "ಸಣ್ಣಪುಟ್ಟದಕ್ಕೆ ಆಸ್ಪತ್ರೆಗೆ ಓಡಬಾರದು" ಎಂಬುದು ಉಪಸಾರ.

ಹಾಗಾಗಿ ಓಡಲಿಲ್ಲ. ನೀರು ಕುಡಿದರು, ಉಸಿರು ಹಿಡಿದರು, ಸಕ್ಕರೆ ಮುಕ್ಕಿದರು. ಎಂಟೂವರೆಗೆ ಧಾರಿಣಿ ತನ್ನ ಸಚಿವಾಲಯಕ್ಕೆ ಹೊರಟಳು. ಕ್ವಾರ್ಟರ್ಸು ಅವಳ ಹೆಸರಿನದು, ಆದ್ದರಿಂದ ಅವಳ ನೌಕರಿಗೆ ತಡವಾಗುವಂತಿರಲಿಲ್ಲ. ಹೋಗುವಾಗ ಎದುರುಮನೆಯ ಶಂಕರಪ್ಪನವರಿಗೆ, "ಸ್ವಲ್ಪ ನೋಡ್ಕೊಳ್ಳಿ" ಎಂದು ಒಂದು ಮಾತು ಹೇಳಿದಳು. ಅನರ್ಥ ಶುರುವಾದದ್ದು ಅಲ್ಲಿ.

ಶಂಕರಪ್ಪ ಸೆಕ್ಷನ್ ಆಫೀಸರು. ಸಿಗುವ ಸವಲತ್ತನ್ನು ಬಿಡುವುದು ಪಾಪವೆಂದು ನಂಬಿದವರು. ವರ್ಷ ಮುಗಿದರೆ ಸಿ.ಎಲ್. ದಂಡವಾಗುತ್ತದಲ್ಲ ಎಂದು ರಜೆ ಹಾಕಿ, ಏನು ಮಾಡಬೇಕೆಂದು ತಿಳಿಯದೆ ಕೂತಿದ್ದರು. ಈಗ ತಿಳಿಯಿತು. ಮೊದಲಿಗೆ 'ಕಿದ್ವಾಯಿ ಕನ್ನಡ ಬಳಗ'ದ ವಾಟ್ಸಾಪ್ ಗುಂಪಿಗೆ ಸುದ್ದಿ ಬಿಟ್ಟರು. ಆಮೇಲೆ ಬೆಕ್ಕಿನ ಹೆಜ್ಜೆಯಲ್ಲಿ ಬಂದು ಯೋಗೀಶರ ಕಿವಿಯ ಹತ್ತಿರ ಕಿರುಚಿದರು.

"ಡಾಕ್ಟ್ರೇ! ಇಂಟರ್‌ವ್ಯೂ ಮತ್ತೆ ಮುಂದಕ್ಕೆ ಹೋಯ್ತಂತೆ!"

ಯೋಗೀಶರು ಶಾಂತವಾಗಿ ತಿರುಗಿ, "ಹೌದಾ? ಹಿಕ್. ಯಾವ ತಾರೀಖಿಗೆ?" ಎಂದರು.

"ಹೆದರಿಸೋಕೆ ಹೇಳಿದ್ದು ಕಣ್ರೀ!"

"ನಾಲ್ಕು ಸಲ ಕೇಳಿದೀನಲ್ಲ ಶಂಕರಪ್ನೋರೇ, ಅಭ್ಯಾಸ ಆಗಿದೆ."

ಅಷ್ಟರಲ್ಲಿ ಎಂಟನೇ ಮಹಡಿಯಿಂದ ಸುಶೀಲಮ್ಮ ಇಳಿದು ಬಂದರು. ಒಂದು ಕೈಯಲ್ಲಿ ಜೇನುತುಪ್ಪ, ಇನ್ನೊಂದರಲ್ಲಿ ಬೆಂಕಿಪೊಟ್ಟಣ. "ನವಿಲುಗರಿ ಸುಟ್ಟು ಬೂದಿನ ಜೇನಲ್ಲಿ ನೆಕ್ಕಿಸ್ಬೇಕು. ನಮ್ಮತ್ತೆಗೆ ಮೂರು ದಿನದ ಬಿಕ್ಕಳಿಕೆ ಒಂದೇ ನೆಕ್ಕಿಗೆ ನಿಂತಿತ್ತು. ನವಿಲುಗರಿ ಎಲ್ಲಿದೆ?"

ನವಿಲುಗರಿ ಇದ್ದದ್ದು ಮಗಳು ಗಾನವಿಯ ಪುಸ್ತಕದಲ್ಲಿ. ಊರಲ್ಲಿ ಹೊಗೆ ಹೆಚ್ಚಾಗಿ ಶಾಲೆ ಆನ್‌ಲೈನ್ ಆಗಿದ್ದರಿಂದ ಅವಳೂ ಮನೆಯಲ್ಲೇ ಇದ್ದಳು.

"ನೋ! ಅಪ್ಪಾ, ಯೇ ಮೇರಾ ಪ್ರಾಜೆಕ್ಟ್ ಹೈ! ನ್ಯಾಷನಲ್ ಬರ್ಡ್!"

"ಅಪ್ಪ ಪ್ರೊಫೆಸರ್ ಆಗ್ಲಿ ಪುಟ್ಟಾ, ಇಡೀ ನವಿಲೇ ತರೋಣ," ಎಂದು ಸುಶೀಲಮ್ಮ ಗರಿ ಕಿತ್ತುಕೊಂಡು ಕಡ್ಡಿ ಗೀರಿದರು.

ತಿಂಗಳಿಂದ ದೆಹಲಿಯಿಡೀ ಹೊಗೆಯಲ್ಲಿ ಮುಳುಗಿದ್ದಾಗ ಸುಮ್ಮನಿದ್ದ ಟವರಿನ ಅಲಾರಾಂ, ಒಂದು ನವಿಲುಗರಿಯ ಹೊಗೆಗೆ ಎಚ್ಚರವಾಯಿತು. ಹದಿನಾಲ್ಕು ಮಹಡಿಯ ಜನ ಸ್ವೆಟರು, ಶಾಲು, ಸೋಪಿನ ನೊರೆ ಸಮೇತ ಕೆಳಗಿಳಿದು ಲಾನಿನಲ್ಲಿ ನಿಂತರು. ಬೆಂಕಿ ಎಲ್ಲಿ ಎಂದು ಹುಡುಕಿದ ಗಾರ್ಡಿಗೆ ಸಿಕ್ಕಿದ್ದು, ತುಟಿಗೆ ಬೂದಿ ಮೆತ್ತಿಕೊಂಡು ಬಿಕ್ಕಳಿಸುತ್ತಿದ್ದ ಒಬ್ಬ ಅರ್ಥಶಾಸ್ತ್ರಜ್ಞ. ಲಾನಿನಲ್ಲೇ ಪಂಜಾಬಿ ಒಬ್ಬರು ಬೆನ್ನಿಗೆ ಗುದ್ದಿದರು. ಬಂಗಾಲಿ ಒಬ್ಬರು ಮೂಗು ಹಿಡಿದರು. ಬಿಕ್ಕಳಿಕೆ ಯಾವ ಪ್ರಾಂತ್ಯಕ್ಕೂ ಬಗ್ಗಲಿಲ್ಲ.

ಹನ್ನೆರಡು ಹೊಡೆಯುವ ಹೊತ್ತಿಗೆ ಬಿಕ್ಕಳಿಕೆ ಬಿಕ್ಕಟ್ಟಾಗಿತ್ತು. ಮದುವೆಯ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ಯೋಗೀಶರು ತಾಲೀಮು ಮಾಡಿದರು. "ಮಾನ್ಯರೇ, ನನ್ನ ಸಂಶೋಧನೆಯ ಮುಖ್ಯ ಹಿಕ್ ಏನೆಂದರೆ..." ಮುಂದೆ ಹೋಗಲು ಅವರಿಗೇ ಧೈರ್ಯವಾಗಲಿಲ್ಲ.

"ಡಾಕ್ಟ್ರೇ, ದಾರೀಲೇ ಆಸ್ಪತ್ರೆ ಇದೆ, ನಿಮ್ಮ ಯೋಜನೆ ಲಿಸ್ಟಲ್ಲೂ ಇದೆ. ಒಂದು ಇಂಜೆಕ್ಷನ್, ಐದು ನಿಮಿಷ. ಚಲೋ," ಎಂದರು ಶಂಕರಪ್ಪ.

ಯೋಗೀಶರು ತಮ್ಮ ಇಪ್ಪತ್ತು ವರ್ಷದ ಸಂಶೋಧನೆಯನ್ನು ಒಂದು ಸಲ ನೆನೆದು ಕ್ಯಾಬ್ ಹತ್ತಿದರು. ಗಾನವಿ ಮುಖ ಊದಿಸಿಕೊಂಡು ಸುಶೀಲಮ್ಮನ ಪಾಲಾದಳು.

ಆಸ್ಪತ್ರೆಯಲ್ಲಿ ಅವರನ್ನು ಮಂಚದ ಮೇಲೆ ಮಲಗಿಸಿ, ಬಾಯಿಗೆ ಕಾಗದದ ಚೀಲ ಹಿಡಿಸಿದರು. ಅವರ ಹೆಲ್ತ್ ಕಾರ್ಡು ಶಂಕರಪ್ಪನವರ ಕೈಯಲ್ಲಿತ್ತು. ಕೌಂಟರಿನ ಹುಡುಗಿ, "ಅಂಕಲ್‌ಜೀ, ಕ್ಯಾಶ್ ಯಾ ಕ್ಯಾಶ್‌ಲೆಸ್?" ಎಂದು ಕೇಳಿದಳು. ಶಂಕರಪ್ಪನವರ ಮೂವತ್ತೈದು ವರ್ಷದ ಸರ್ಕಾರಿ ಸೇವೆಯಲ್ಲಿ ಆ ಪ್ರಶ್ನೆಗೆ ಎರಡು ಉತ್ತರ ಇರಲೇ ಇಲ್ಲ. ಹುಡುಗಿ ಮೂರು ಕಾಗದ ಕೊಟ್ಟಳು. ಶಂಕರಪ್ಪ ಅವನ್ನು ಮಂಚಕ್ಕೆ ತಂದು, "ಇಲ್ಲೊಂದು, ಇಲ್ಲೊಂದು, ಇಲ್ಲೊಂದು ಸೈನ್ ಹಾಕಿ, ಉಳಿದಿದ್ದು ನಾನ್ ನೋಡ್ಕೊಂಡಿದೀನಿ" ಎಂದರು. ಚೀಲದೊಳಗಿಂದಲೇ ಯೋಗೀಶರು ಸಹಿ ಮಾಡಿದರು. ಮೂರು ಸಹಿಯೂ ನಡುವೆ ಒಂದೊಂದು ಸಲ ಎಗರಿದವು. ನರ್ಸ್ ಮಣಿಕಟ್ಟಿಗೆ ಒಂದು ಪ್ಲಾಸ್ಟಿಕ್ ಪಟ್ಟಿ ಕಟ್ಟಿ, ಸೂಜಿ ಚುಚ್ಚಿದಳು.

ಎರಡು ಗಂಟೆಗೆ ಬಿಕ್ಕಳಿಕೆ ನಿಂತಿತು.

ಯೋಗೀಶರು ಒಂದು ನಿಮಿಷ ಕಾದರು. ಎರಡು ನಿಮಿಷ. ಲೋಕ ಇಷ್ಟು ನಿಶ್ಶಬ್ದವಾಗಿರುತ್ತದೆಂದು ಅವರಿಗೆ ಮರೆತೇ ಹೋಗಿತ್ತು. "ಮುಖ್ಯ ಅಂಶ ಏನೆಂದರೆ," ಎಂದು ಮೆಲ್ಲಗೆ ಹೇಳಿ ನೋಡಿದರು. ರೇಷ್ಮೆಯ ಹಾಗೆ ಜಾರಿತು. ನರ್ಸ್ ಬೇರೆ ಮಂಚದ ಕಡೆ ತಿರುಗಿದಾಗ ಕೋಟು ಕೊಡವಿ ಎದ್ದು ಹೊರಟೇಬಿಟ್ಟರು.

ಎರಡು ಐವತ್ತಕ್ಕೆ, ಹಿಂದೆಯೇ ಓಡಿ ಬಂದ ಶಂಕರಪ್ಪನವರ ಸಮೇತ, ವಿಶ್ವವಿದ್ಯಾಲಯದ ಸಮಿತಿ ಕೊಠಡಿಯ ಮುಂದೆ ನಿಂತಿದ್ದರು. ಹೊರಗೆ ಮೇಜು ಹಾಕಿಕೊಂಡು ಹಾಜರಿ ಗುರುತಿಸುತ್ತಿದ್ದ ಚೌಹಾಣ್‌ಜೀ ಯೋಗೀಶರನ್ನು ನೋಡಿದ, ಕಂಪ್ಯೂಟರ್ ನೋಡಿದ, ಮತ್ತೆ ಯೋಗೀಶರನ್ನು ನೋಡಿದ.

"ಸರ್, ಆಪ್ ತೋ ಅಸ್ಪತಾಲ್ ಮೇ ಭರ್ತಿ ಹೈ."

"ನಾನಾ? ಇಲ್ಲೇ ನಿಂತಿದೀನಲ್ಲಪ್ಪ!"

"ಹನ್ನೆರಡು ನಲವತ್ತಕ್ಕೆ ಅಡ್ಮಿಟ್. ಬೆಡ್ ನಂಬರ್ ಆರು." ಚೌಹಾಣ್ ಯೋಗೀಶರ ಮಣಿಕಟ್ಟಿನ ಕಡೆ ಕಣ್ಣು ಹಾಯಿಸಿದ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ದಪ್ಪಗೆ ಆರು ಎಂದು ಬರೆದಿತ್ತು.

ಯೋಗೀಶರು ನಿಧಾನವಾಗಿ ಶಂಕರಪ್ಪನವರ ಕಡೆ ತಿರುಗಿದರು.

"ಬರೀ ಇಂಜೆಕ್ಷನ್‌ಗೆ ಕ್ಯಾಶ್‌ಲೆಸ್ ಇಲ್ವಂತೆ ಡಾಕ್ಟ್ರೇ, ಅಡ್ಮಿಷನ್ ಬೇಕಂತೆ," ಎಂದರು ಶಂಕರಪ್ಪ. "ಹಕ್ಕು ಯಾಕೆ ಬಿಡೋದು ಅಂತ..."

"ಚೌಹಾಣ್‌ಜೀ, ನಾನು ಹುಷಾರಾಗಿದೀನಿ! ನೀವೇ ನೋಡ್ತಿದೀರಲ್ಲ!"

ಚೌಹಾಣ್ ಡ್ರಾಯರಿನಿಂದ ಒಂದು ಕಾಗದ ತೆಗೆದ. ಹದಿನೇಳನೇ ಶಿಫಾರಸು. ಬೆರಳಿಟ್ಟು ಓದಿ, ಅರ್ಥವನ್ನೂ ಹೇಳಿದ. ಭರ್ತಿಯಾದ ಗಳಿಗೆಯಿಂದ ನೌಕರ ಮೆಡಿಕಲ್ ಲೀವಿನ ಮೇಲೆ. ಆಸ್ಪತ್ರೆಯ ಫಿಟ್‌ನೆಸ್ ಸರ್ಟಿಫಿಕೇಟ್ ಬರುವವರೆಗೆ ಯಾವ ಅಧಿಕೃತ ಕೆಲಸಕ್ಕೂ ಕೂರುವಂತಿಲ್ಲ. ನಾನು ಹುಷಾರಾಗಿದ್ದೇನೆ ಎಂದು ನೌಕರನೇ ಹೇಳಿದರೆ ಅದನ್ನು ನಂಬತಕ್ಕದ್ದಲ್ಲ.

ಕೊನೆಯ ವಾಕ್ಯವನ್ನು ಯೋಗೀಶರು ಮೂರು ಸಲ ತಿದ್ದಿ ಬರೆದಿದ್ದರು.

ಆಸ್ಪತ್ರೆಗೆ ಫೋನು ಹೋಯಿತು. ಸರ್ಟಿಫಿಕೇಟ್ ನಾಳೆ, ಡಾಕ್ಟರ ರೌಂಡ್ಸ್ ಆದ ಮೇಲೆ. ಎರಡು ಐವತ್ತಾರು.

"ಹಾಗಾದ್ರೆ ಅಡ್ಮಿಷನ್ನೇ ಕ್ಯಾನ್ಸಲ್ ಮಾಡಿ! ದುಡ್ಡು ನಾನೇ ಕೊಡ್ತೀನಿ!"

"ಹೋ ಜಾಯೇಗಾ ಸರ್," ಎಂದ ಚೌಹಾಣ್. ಯೋಗೀಶರಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. "ಒಂದೇ ಸಹಿ ಬೇಕು. ಆರೋಗ್ಯ ಯೋಜನೆ ಸಮಿತಿ ಅಧ್ಯಕ್ಷರದ್ದು."

"ಅಧ್ಯಕ್ಷ ನಾನೇ ಕಣಯ್ಯಾ!" ಯೋಗೀಶರು ಪೆನ್ನಿನ ಮುಚ್ಚಳವನ್ನು ಹಲ್ಲಲ್ಲೇ ಕಿತ್ತರು.

ಚೌಹಾಣ್ ಕಾಗದವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ. ಅವನ ದನಿಯಲ್ಲಿ ನಿಜವಾದ ಮರುಕವಿತ್ತು.

"ಅಧ್ಯಕ್ಷರು ಮೆಡಿಕಲ್ ಲೀವಲ್ಲಿದಾರೆ, ಸರ್."

ಮೂರು ಹೊಡೆಯಿತು. ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಚೆನ್ನೈ ತಜ್ಞರ ದನಿ ಕೇಳಿಸಿತು. "ಡಾಕ್ಟರ್ ಯೋಗೀಶ್?"

"ಗೈರುಹಾಜರ್ ಸರ್. ಆಸ್ಪತ್ರೆಯಲ್ಲಿದಾರೆ," ಎಂದು ಚೌಹಾಣ್ ಕೂಗಿ ಹೇಳಿದ.

"ಅಯ್ಯೋ ಪಾಪ. ಏನಾಗಿದೆಯಂತೆ?"

ಇದೇ ಕೊನೆಯ ಗಳಿಗೆ. ಯೋಗೀಶರು ಎದೆತುಂಬ ಉಸಿರೆಳೆದು, ನನಗೆ ಏನೂ ಆಗಿಲ್ಲ ಎಂದು ಕೂಗಲು ಬಾಯಿ ತೆರೆದರು.

"ಹಿಕ್!"

"ಬಿಕ್ಕಳಿಕೆ, ಸರ್," ಎಂದು ಚೌಹಾಣ್ ಒಳಗೆ ವರದಿ ಮಾಡಿದ.