ಬಾಣಂತಿಗೆ ಹೇಳುವ ಸಮಾಧಾನದ ಸುಳ್ಳುಗಳನ್ನು ಕ್ರಮಬದ್ಧಗೊಳಿಸುವ ಕುರಿತು

ಹೆರಿಗೆ ಮತ್ತು ಬಾಣಂತನ ಸಹಾಯ ಇಲಾಖೆ
(ನೀತಿ–ನಡತೆ ಶಾಖೆ)

ಸಂಖ್ಯೆ: ಹೆಬಾಸ/ನೀನ/ಸಾಂತ್ವನ/೭

ವಿಷಯ: ಸಹಾಯಕಿಯರು ಸಮಾಧಾನ ಹೇಳುವಾಗ ಪಾಲಿಸಬೇಕಾದ ವೃತ್ತಿಧರ್ಮದ ಬಗ್ಗೆ.

ಉಲ್ಲೇಖ: ಒಬ್ಬ ಅತ್ತೆಯವರ ದೂರು, ಅದೇ ಅತ್ತೆಯವರ ಹೇಳಿಕೆ.

೧. ಮನೆಮನೆಗಳಲ್ಲಿ ‘ಸಮಾಧಾನಕ್ಕ’ ಎಂದೇ ಪರಿಚಿತರಾದ ಇಲಾಖೆಯ ಸಹಾಯಕಿಯೊಬ್ಬರು ಚೊಚ್ಚಲ ಬಾಣಂತಿಯೊಬ್ಬರ ಆರೈಕೆಗೆ ನಿಯೋಜಿತರಾಗಿದ್ದರು. ಕೂಸಿಗೆ ಸ್ನಾನ ಮಾಡಿಸಿ, ಬಟ್ಟೆಯಲ್ಲಿ ಸುತ್ತಿ, ಮಡಿಲಿಗೆ ಕೊಡಲು ಹೋದಾಗ ತಾಯಿಯು ಗೋಡೆಯತ್ತ ಮುಖ ತಿರುಗಿಸಿದರೆಂದು ವರದಿಯಾಗಿದೆ. “ಯಾರ ಮಗುನೋ ಅನ್ನಿಸ್ತಿದೆ ಅಕ್ಕ. ಪ್ರೀತೀನೇ ಬರ್ತಿಲ್ಲ. ನಾನು ಕೆಟ್ಟವಳಾ?” ಎಂದು ಅವರು ಕೇಳಿರುತ್ತಾರೆ.

೨. ಸದರಿ ಪ್ರಶ್ನೆಗೆ ಕೈಪಿಡಿಯಲ್ಲಿ ಉತ್ತರವಿಲ್ಲ. ನಿಯಮದಂತೆ ಸಹಾಯಕಿಯು ಪ್ರಶ್ನೆಯನ್ನು ಮೇಲಧಿಕಾರಿಗೆ ಸಲ್ಲಿಸಿ, ಉತ್ತರ ಬರುವವರೆಗೆ ಅಳುವನ್ನು ಯಥಾಸ್ಥಿತಿಯಲ್ಲಿ ಕಾಯ್ದಿರಿಸಬೇಕಿತ್ತು. ಆದರೆ ಅವರು ಕೂಸನ್ನು ಹೆಗಲಿಗೆ ಹಾಕಿಕೊಂಡು, ಮಂಚದ ಅಂಚಿನಲ್ಲಿ ಕುಳಿತು, “ನನಗೂ ಮೊದಲನೇದಕ್ಕೆ ಹೀಗೇ ಆಗಿತ್ತು ಕಣಮ್ಮ. ಆಮೇಲೆ ಬಂತು. ನಿಂಗೆ ಮೊದಲು ನಿದ್ದೆ ಬರ್ಲಿ” ಎಂದು ಅನಧಿಕೃತವಾಗಿ ನುಡಿದಿರುತ್ತಾರೆ. ಬಾಣಂತಿಯು ನಿದ್ರಿಸಿದರು.

೩. ಸಹಾಯಕಿಗೆ ಮಕ್ಕಳೇ ಇಲ್ಲವೆಂಬುದು ಬಾಗಿಲಲ್ಲಿ ನಿಂತಿದ್ದ ಅತ್ತೆಯವರಿಗೆ ಗೊತ್ತಿತ್ತು. ದೂರು ಬಂತು. ವಿಚಾರಣೆಯಲ್ಲಿ ಸಹಾಯಕಿಯು ತಲೆ ತಗ್ಗಿಸಿ, “ಸುಳ್ಳೇ ಸಾರ್. ಆ ಹುಡುಗಿ ಒಂಟಿಯಾಗ್ಬಿಟ್ಟಿದ್ಲು. ತನ್ನಂಥವಳು ಇನ್ನೊಬ್ಬಳು ಇದ್ದಾಳೆ ಅಂತ ಅನ್ನಿಸ್ಬೇಕಿತ್ತು” ಎಂದರು. ಕೆಲಸ ಹೋಯಿತೆಂದೇ ಬಗೆದು ಚೀಲವನ್ನೂ ಕೈಗೆತ್ತಿಕೊಂಡಿದ್ದರು.

೪. ಆದುದರಿಂದ ಈ ಕೆಳಗಿನಂತೆ ಆದೇಶಿಸಲಾಗಿದೆ:

ಅ) ಸಮಾಧಾನದ ಸುಳ್ಳಿಗೆ ಪೂರ್ವಾನುಮತಿ ಪಡೆಯತಕ್ಕದ್ದು. ಅಲ್ಲಿಯವರೆಗೆ ಬಾಣಂತಿಯು ಬಿಕ್ಕುವುದನ್ನು ಮುಂದುವರಿಸಬಹುದು.

ಆ) ‘ನಾನಿದ್ದೀನಲ್ಲ’ ಎನ್ನುವವರು ಯಾವ ಹುದ್ದೆಯಲ್ಲಿ, ಎಲ್ಲಿಯವರೆಗೆ ಇರುವರೆಂದು ಸ್ಪಷ್ಟಪಡಿಸತಕ್ಕದ್ದು.

ಇ) ಬೆನ್ನನ್ನು ಮೇಲಿನಿಂದ ಕೆಳಕ್ಕೆ ಮಾತ್ರ ಸವರತಕ್ಕದ್ದು. ಕೆಳಗಿನಿಂದ ಮೇಲಕ್ಕೆ ಸವರಿದರೆ ಬಡ್ತಿಯ ಭರವಸೆಯೆಂದು ಅರ್ಥೈಸಲ್ಪಡುವ ಸಂಭವವಿದೆ.

ಈ) ಬಾಣಂತಿಯೊಡನೆ ಸೇರಿ ಅಳುವುದು ನಿಷಿದ್ಧ. ಅನಿವಾರ್ಯವಾದಲ್ಲಿ ಸರದಿಯ ಮೇಲೆ ಅಳತಕ್ಕದ್ದು.

೫. ಈ ಸುತ್ತೋಲೆ ಸಹಿಗೆ ಹೋಗುವ ಮುನ್ನ ಅತ್ತೆಯವರು ಕಚೇರಿಗೆ ಬಂದು ದೂರನ್ನು ವಾಪಸು ಕೇಳಿದರು. ಕಾರಣ ವಿಚಾರಿಸಲಾಗಿ, ಕನ್ನಡಕ ಒರೆಸುತ್ತ, “ನನ್ನ ಮಗ ಹುಟ್ಟಿದಾಗ ನಂಗೂ ಹಾಗೇ ಆಗಿತ್ತು. ಯಾರ ಹತ್ರಾನೂ ಬಾಯಿ ಬಿಡ್ಲಿಲ್ಲ. ಆಗಿದ್ದವಳು ನಾನು ಸುಮ್ಮನಿದ್ದೆ, ಆಗದೇ ಇದ್ದವಳು ಹೇಳಿದ್ಲು. ಅದಕ್ಕೇ ಹೊಟ್ಟೆ ಉರೀತು” ಎಂದರು. ಅಲ್ಲಿಂದ ನೇರ ಮನೆಗೆ ಹೋಗಿ, ಸೊಸೆಯ ಪಕ್ಕ ಕುಳಿತು ಅದನ್ನೇ ಹೇಳಿದರೆಂದು ತಿಳಿದುಬಂದಿದೆ.

೬. ‘ನನಗೂ ಹೀಗೇ ಆಗಿತ್ತು’ ಎಂಬ ಹೇಳಿಕೆಯು ನಿಜವಾಗಿದ್ದು, ಹೇಳಿದವರು ಮಾತ್ರ ಬದಲಾಗಿರುವುದರಿಂದ ಇದನ್ನು ಬೆರಳಚ್ಚಿನ ದೋಷವೆಂದು ಪರಿಗಣಿಸಿ, ಸಹಾಯಕಿಯನ್ನು ಅದೇ ಮನೆಯಲ್ಲಿ ಮುಂದುವರಿಸಲಾಗಿದೆ.

ಸಹಿ/-
ನೀತಿ–ನಡತೆ ಅಧಿಕಾರಿ (ಪ್ರಭಾರ)

ಪ್ರತಿಗಳು:

೧. ಸಹಾಯಕಿಗೆ: ಎಚ್ಚರಿಕೆಗಾಗಿ. ಮೆಚ್ಚುಗೆಯನ್ನು ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯಲಾಗಿದೆ.

೨. ಅತ್ತೆಯವರಿಗೆ: ದೂರಿನ ಮೂಲಪ್ರತಿ ಸಹಿತ, ಹರಿದುಹಾಕುವ ಸಲುವಾಗಿ.

೩. ಮಗುವಿನ ತಂದೆಗೆ: ಇಷ್ಟೆಲ್ಲ ನಡೆಯಿತೆಂಬ ಮಾಹಿತಿಗಾಗಿ.

೪. ಬಾಣಂತಿಗೆ: ಸ್ವೀಕೃತಿ ಸಹಿ ದೊರೆತಿಲ್ಲ. ಮಗುವನ್ನು ಎತ್ತಿಕೊಂಡಿದ್ದು, ಕೆಳಗಿಡಲು ಒಪ್ಪಿರುವುದಿಲ್ಲ.