ಡಿಪೋ ಬೇಲಿಯ ಕೈಪಂಪು ಮತ್ತು ನಮ್ಮ ಯಂತ್ರದ ಮೂಗು

ಮೊದಲು ಸಂಗತಿಗಳು, ಒಂದೊಂದಾಗಿ.

ಬಳ್ಳಾರಿ ನಗರದ ಅಂಚಿನಲ್ಲಿ ಸೈನ್ಯದವರು ಹಿಂದೆಂದೋ ಇಂಧನ ಸಂಗ್ರಹಿಸುತ್ತಿದ್ದ ಒಂದು ಡಿಪೋ ಇದೆ.

ಅದರ ಸುತ್ತ ಮುಳ್ಳುತಂತಿಯ ಬೇಲಿ ಇದೆ. ಬೇಲಿಯ ಒಳಗೆ ಆಳೆತ್ತರದ ಬಳ್ಳಾರಿ ಜಾಲಿ ಇದೆ.

ಡಿಪೋದ ಟ್ಯಾಂಕುಗಳು ನೆಲದೊಳಗೆ ಸೋರಿವೆ. ನೆಲದೊಳಗಿನ ನೀರಿಗೆ ಬೇಲಿ ಕಾಣಿಸುವುದಿಲ್ಲ.

ಬೇಲಿಯಿಂದ ಹನ್ನೆರಡು ಹೆಜ್ಜೆ ಹೊರಗೆ ಒಂದು ಕೈಪಂಪು ಇದೆ. ಒಂದು ಓಣಿಯ ಜನ ಅದರ ನೀರು ಕುಡಿಯುತ್ತಾರೆ.

ನಾನು ಭೂವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದವಳು. ಆ ನೀರಿನಲ್ಲಿ ಏನಿದೆ ಎಂಬುದು ನನಗೆ ಗೊತ್ತು. ಹೇಳುವುದಿಲ್ಲವೆಂದು ಕರಾರಿಗೆ ಸಹಿ ಹಾಕಿದ್ದೇನೆ.

ಇಷ್ಟು ಸಂಗತಿಗಳಿರುವ ಕಡೆ ನಗೆ ಹುಟ್ಟಬಾರದು. ಆದರೆ ಈ ವೃತ್ತಿಯಲ್ಲಿ ಅದು ನೆಲದಡಿಯ ಎಣ್ಣೆಯಂತೆ, ಎಲ್ಲಿ ಬೇಡವೋ ಅಲ್ಲಿ ಜಿನುಗುತ್ತಲೇ ಇರುತ್ತದೆ.

೧. ಚಹಾದ ರುಚಿ

ನಮ್ಮದು ಒಂದು ಸಣ್ಣ ಖಾಸಗಿ ಸಂಸ್ಥೆ. ಮಣ್ಣು ಮತ್ತು ಅಂತರ್ಜಲ ಕೆಟ್ಟಿದೆಯೇ ಎಂದು ನಿಂತ ಜಾಗದಲ್ಲೇ ಹೇಳುವ ಎರಡು ಹೊಸ ಯಂತ್ರಗಳನ್ನು ಹಳೆಯ ಸೈನಿಕ ನೆಲಗಳ ಮೇಲೆ ಪರೀಕ್ಷಿಸುವುದು ನಮಗೆ ವಹಿಸಿದ ಕೆಲಸ. ಒಂದು ಯಂತ್ರ ಮಣ್ಣು, ನೀರುಗಳಿಂದ ಏಳುವ ಆವಿಯನ್ನು ಎಳೆದುಕೊಂಡು ಇಂಧನದ ಅಂಶವನ್ನು ಪತ್ತೆ ಮಾಡುತ್ತದೆ. ಅದನ್ನು ನಾವು ‘ಮೂಗು’ ಎಂದು ಕರೆಯುತ್ತಿದ್ದೆವು. ಇನ್ನೊಂದು ಮಣ್ಣಿಗೆ ಕಿರಣ ಹಾಯಿಸಿ ಯಾವ ಲೋಹ ಎಷ್ಟಿದೆ ಎಂದು ತೋರಿಸುತ್ತದೆ, ಅದು ‘ಕಣ್ಣು’. ತಂಡದಲ್ಲಿ ಮೂವರು: ನಾನು, ನಮ್ಮ ಹಿರಿಯ ಅಧಿಕಾರಿ, ನೆಲ ಕೊರೆಯುವ ಮೇಸ್ತ್ರಿ.

ಯಂತ್ರದ ಪೆಟ್ಟಿಗೆ ತೆರೆಯಲು ಅನುಮತಿ ಪತ್ರ ಬರಬೇಕಿತ್ತು. ಅದು ಬರಲು ಆರು ದಿನ ಹಿಡಿಯಿತು. ಆ ಆರು ದಿನವೂ ನಾವು ಕೈಪಂಪಿನ ಪಕ್ಕದ ತಳ್ಳುಗಾಡಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಚಹಾ ಕುಡಿದೆವು. ನನಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಗಾಡಿಗೂ ಬೇಲಿಗೂ ನಡುವೆ ಶತಪಥ ಹಾಕುತ್ತಿದ್ದೆ. ಹೆಜ್ಜೆ ಹನ್ನೆರಡು ಎಂದು ತಿಳಿದದ್ದು ಹಾಗೆ. ಹಿರಿಯರು ಮಾತ್ರ ನಿಶ್ಚಿಂತರಾಗಿ ದಿನಕ್ಕೆ ಮೂರು ಗ್ಲಾಸು ಚಹಾ ಕುಡಿದು, ಇಂಥ ಚಹಾ ಬಳ್ಳಾರಿಯಲ್ಲಿ ಇನ್ನೆಲ್ಲೂ ಸಿಗದು, ಇದರಲ್ಲಿ ಏನೋ ಒಂದು ವಿಶೇಷವಿದೆ ಎಂದು ಪ್ರತಿ ಗ್ಲಾಸಿಗೂ ಹೇಳುತ್ತಿದ್ದರು. ಗಾಡಿಯ ಅಕ್ಕ ಆ ಕೀರ್ತಿಯನ್ನು ನೀರಿಗೆ ಒಪ್ಪಿಸಿದರು. ಈ ನೀರು ತುಂಬಿಟ್ಟ ಮನೆಯೊಳಗೆ ಸೊಳ್ಳೆ ಸುಳಿಯುವುದಿಲ್ಲವಂತೆ. ಓಣಿಯ ಮುದುಕರು ಅದರಲ್ಲೇ ಮೊಣಕಾಲು ತೊಳೆಯುತ್ತಾರಂತೆ.

ಏಳನೆಯ ದಿನ ಪತ್ರ ಬಂತು. ಕೈಪಂಪಿನ ನೀರನ್ನು ಬಾಟಲಿಗೆ ಅರ್ಧ ತುಂಬಿ, ಅಲುಗಿಸಿ, ಮೂಗನ್ನು ಅದರ ಬಾಯಿಗೆ ಹಿಡಿದೆ. ಅದು ಕಿರುಚತೊಡಗಿತು. ಸುಮ್ಮನಾಗಿಸಲು ಬ್ಯಾಟರಿ ಕೀಳಬೇಕಾಯಿತು. ಚಹಾದ ವಿಶೇಷವೇನೆಂದು ತಿಳಿದ ಹಿರಿಯರು ಕೈಯಲ್ಲಿದ್ದ ಗ್ಲಾಸನ್ನು ಬಹಳ ಮೆಲ್ಲಗೆ ಕೆಳಗಿಟ್ಟರು.

ಕಾರಣ ಬಿಡಿಸದೆ, ಈ ನೀರು ಕುಡಿಯಬೇಡಿ ಎಂದಷ್ಟೇ ನಾನು ಅಕ್ಕನಿಗೆ ಹೇಳಿದೆ. ಅವರು ಒಲೆಯ ಉರಿ ತಗ್ಗಿಸಿ ನನ್ನ ಕಡೆ ತಿರುಗಿದರು.

“ಹಂಗಂತ ಬರ್ದು ಕೊಡ್ರಿ ಯವ್ವಾ. ನಳ ವಾರಕ್ಕೊಮ್ಮಿ ಬರ್ತೈತಿ. ಇನ್ನೊಂದು ನಳ ಹಾಕ್ರಿ ಅಂತ ಬಾಯಿಲೆ ಹೇಳಿದ್ರ ವಾರ್ಡ್ ಆಫೀಸಿನ್ಯಾಗ ಯಾರು ಕೇಳ್ತಾರ? ಚೀಟಿ ಇದ್ರ ಕೇಳ್ತಾರ.”

ಯಂತ್ರಗಳನ್ನು ಮೂರು ಕಡೆ ಪರೀಕ್ಷಿಸಿ, ವರದಿಗೆ ಒಪ್ಪಿಗೆ ಸಿಗುವವರೆಗೆ ಒಂದು ಅಂಕಿಯನ್ನೂ ಹೊರಗೆ ಕೊಡುವಂತಿಲ್ಲ ಎಂಬ ಕರಾರನ್ನು ಅವರಿಗೆ ವಿವರಿಸಿದೆ. ಅವರು ನನ್ನ ಫೋನ್ ನಂಬರು ತೆಗೆದುಕೊಂಡರು.

ಅಂದು ಸಂಜೆ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು, ದಿನಕ್ಕೆ ಮೂರು ಗ್ಲಾಸಿನಂತೆ ಆರು ದಿನಕ್ಕೆ ಒಟ್ಟು ಎಷ್ಟು ಇಂಧನ ಒಳಗೆ ಹೋಗಿರಬಹುದು ಎಂದು ಮೆಲುದನಿಯಲ್ಲಿ ಕೇಳಿದರು. ಕರಾರಿನ ಪ್ರಕಾರ ಅಂಕಿಗಳನ್ನು ಯಾರಿಗೂ ಹೇಳುವಂತಿಲ್ಲ ಎಂದು ನೆನಪಿಸಿದೆ.

೨. ಪರ್ಸೆಂಟು

ಎರಡನೆಯ ಸ್ಥಳ ಕುರುಗೋಡಿನ ಆಚೆ, ಬಂಡೆಗುಡ್ಡದ ಬುಡದಲ್ಲಿ ಹಿಂದೆ ಗುಂಡು ಹಾರಿಸುವ ಅಭ್ಯಾಸ ನಡೆಯುತ್ತಿದ್ದ ಬಯಲು. ಗುರಿಯ ಹಿಂದಿನ ಮಣ್ಣದಿಬ್ಬದಲ್ಲಿ ಹುದುಗಿರುವ ಗುಂಡುಗಳಿಂದ ಎಷ್ಟು ಸೀಸ ಮಣ್ಣಿಗೆ ಇಳಿದಿದೆ ಎಂದು ಕಣ್ಣು ಹೇಳಬೇಕಿತ್ತು.

ನಮ್ಮ ಜಿಲ್ಲೆಯಲ್ಲಿ ಯಾರಾದರೂ ಮಣ್ಣನ್ನು ಚೀಲಕ್ಕೆ ತುಂಬಿ ಚೀಟಿ ಅಂಟಿಸಿದರೆ ಅದಕ್ಕೆ ಒಂದೇ ಅರ್ಥ. ಅರ್ಧ ಗಂಟೆಯೊಳಗೆ ಪಕ್ಕದ ಹೊಲದ ಮಾಲೀಕರು ಬೈಕಿನಲ್ಲಿ ಬಂದಿಳಿದು, ತಮ್ಮ ಹೊಲಕ್ಕೂ ಒಮ್ಮೆ ಯಂತ್ರ ಹಿಡಿಯಬೇಕೆಂದರು. ಹೋಲಿಕೆಗೆ ಪಕ್ಕದ ಮಣ್ಣು ನನಗೂ ಬೇಕಿತ್ತು, ಹಿಡಿದೆ. ಸೀಸ ಇಲ್ಲ ಎಂದೆ. ಅವರಿಗೆ ಸೀಸದ ಗೊಡವೆ ಇರಲಿಲ್ಲ.

“ಐರನ್ ಎಷ್ಟು ಪರ್ಸೆಂಟ್ ಐತ್ರಿ?”

ಅವರ ಹೊಲ ಕರಾರಿಗೆ ಸೇರಿರಲಿಲ್ಲ, ಆರು ಎಂದೆ. ಕೆಂಪು ಮಣ್ಣಿಗೆ ಅದು ಸಹಜ. ಅವರು ಯಂತ್ರವನ್ನು ಕನಿಕರದಿಂದ ನೋಡಿ, ಬೈಕು ಹತ್ತಿ ಹೋದರು. ತಿರುಗಿ ಬಂದಾಗ ಟವೆಲಿನಲ್ಲಿ ಸುತ್ತಿದ ಒಂದು ಕಲ್ಲು ತಂದಿದ್ದರು. ಅದಿರಿನ ಭರಾಟೆಯ ಕಾಲದಲ್ಲಿ ಸಂಡೂರಿನ ಕಡೆಯಿಂದ ತಂದು ದೇವರ ಗೂಡಿನಲ್ಲಿ ಇಟ್ಟುಕೊಂಡ ಅದಿರು ಅದು, ಮೇಲೆ ಕುಂಕುಮವಿತ್ತು. ಕುಂಕುಮ ಒರೆಸಿ ಕಣ್ಣು ಹಿಡಿದೆ. ಅರವತ್ತನಾಲ್ಕು ತೋರಿಸಿತು.

ಅವರು ಕಲ್ಲನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡು, “ಮಿಷಿನ್ ಚಲೋ ಐತಿ ಬಿಡ್ರಿ. ನಮ್ಮ ಹೊಲಾನ ಸರಿಯಿಲ್ಲ” ಎಂದರು.

ಇಡೀ ಯೋಜನೆಯಲ್ಲಿ ಆ ಯಂತ್ರಕ್ಕೆ ನಡೆದ ಪ್ರಾಮಾಣಿಕ ಪರೀಕ್ಷೆ ಅದೊಂದೇ.

೩. ಜರಡಿ

ಅದೇ ಬಯಲಿನ ಮಾತು. ಅಳತೆಗಳನ್ನೆಲ್ಲ ನಕ್ಷೆಗೆ ಇಳಿಸಿದಾಗ, ಸೀಸ ತುಂಬಿದ ದಿಬ್ಬದ ನಡುವೆ ಒಂದು ಚೌಕದಷ್ಟು ಮಣ್ಣು ಬಹುಪಾಲು ಸ್ವಚ್ಛವಾಗಿ ಕಂಡಿತು. ಅಂಚುಗಳು ಗೆರೆ ಎಳೆದಷ್ಟು ನೇರ. ಹಿರಿಯರು ಟಿಪ್ಪಣಿ ಪುಸ್ತಕದಲ್ಲಿ ಮೂರು ಕಾರಣಗಳನ್ನು ಊಹಿಸಿ ಬರೆದರು: ಗಾಳಿಯ ದಿಕ್ಕು, ಮಳೆನೀರಿನ ಹರಿವು, ಸೀಸವನ್ನು ಕರಗಿಸುವ ಯಾವುದೋ ಅಪರಿಚಿತ ಜೀವಾಣು. ಮೂರನೆಯದರ ಮೇಲೆ ಅವರಿಗೆ ವಿಶೇಷ ಮಮತೆ. ಅದಕ್ಕೆ ಹೆಸರಿಡುವ ಬಗ್ಗೆಯೂ ಯೋಚಿಸಿದ್ದರು.

ಮರುದಿನ ಬೆಳಿಗ್ಗೆ ಬೇಗ ಹೋದೆವು. ಆ ಚೌಕದ ಅಂಚಿನಲ್ಲಿ ಜೀವಾಣು ಕುಕ್ಕರಗಾಲಿನಲ್ಲಿ ಕೂತಿತ್ತು. ಎಪ್ಪತ್ತು ದಾಟಿದ ಅಜ್ಜ. ಕೈಯಲ್ಲಿ ಮರಳು ಸೋಸುವ ಜರಡಿ. ವರ್ಷಗಳಿಂದ ದಿಬ್ಬದ ಮಣ್ಣನ್ನು ಸೋಸಿ, ಗುಂಡುಗಳನ್ನು ಆರಿಸಿ ಗುಜರಿಗೆ ಹಾಕುತ್ತಿದ್ದರಂತೆ. ನಮ್ಮ ಯಂತ್ರ ಏನು ಮಾಡುತ್ತದೆ ಎಂದು ಕೇಳಿದರು. ಗುಂಡು ಎಲ್ಲೆಲ್ಲಿದೆ ಎಂದು ಹೇಳುತ್ತದೆ ಎಂದೆ.

“ಗುಂಡು ತೆಗೀತೈತೋ, ಬರೇ ಹೇಳ್ತೈತೋ?”

“ಬರೇ ಹೇಳ್ತದಜ್ಜ.”

“ಹೇಳಾಕ ನಾ ಅದೀನಲ್ಲ. ಆ ಗೂಟದ ಆಚಿ ಐತಿ, ಈಚಿ ಮುಗದೈತಿ.”

ನಕ್ಷೆಯೊಂದಿಗೆ ಹೋಲಿಸಿದೆ. ಗೂಟ ಸರಿಯಾಗಿತ್ತು. ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಯಬೇಕು, ಈ ಲೋಹ ಮೈಗೆ ಒಳ್ಳೆಯದಲ್ಲ ಎಂದು ಅಜ್ಜನಿಗೆ ಎರಡು ಸಲ ಹೇಳಿದೆ. ನಮ್ಮಲ್ಲಿದ್ದ ಸೋಪನ್ನು ಕೊಟ್ಟೆ. ಅದು ಕರಾರಿನಲ್ಲಿ ನಿಷಿದ್ಧವಾಗಿರಲಿಲ್ಲ.

ವರದಿಯ ನಮೂನೆಯಲ್ಲಿ ‘ಈಗಾಗಲೇ ಬಳಕೆಯಲ್ಲಿರುವ ತಂತ್ರಜ್ಞಾನ’ ಎಂಬ ಒಂದು ಅಂಕಣವಿತ್ತು. ‘ಜರಡಿ’ ಎಂದು ಬರೆದೆ. ಹಿರಿಯರು ಅದನ್ನು ಹೊಡೆದುಹಾಕಿ ‘ಮಾನವಚಾಲಿತ ಕಣ ವಿಂಗಡಣಾ ವ್ಯವಸ್ಥೆ’ ಎಂದು ತಿದ್ದಿದರು.

ಆ ವಾರದಲ್ಲಿ ಗಾಡಿಯ ಅಕ್ಕ ಮೂರು ಸಲ ಫೋನ್ ಮಾಡಿದ್ದರು. ಮೂರು ಸಲವೂ ಒಂದೇ ಪ್ರಶ್ನೆ: “ಬರದ್ರೇನು ಯವ್ವಾ?”

೪. ಕರ್ಪೂರ

ಮೂರನೆಯ ಸ್ಥಳ ಸಿರುಗುಪ್ಪದ ಬಳಿ. ಅಲ್ಲಿ ಸೈನ್ಯವೂ ಇರಲಿಲ್ಲ, ಇಂಧನವೂ ಇರಲಿಲ್ಲ, ಅದಕ್ಕಾಗಿಯೇ ಆರಿಸಿದ್ದು. ಶುದ್ಧವಾದ ನೆಲದಲ್ಲಿ ಮೂಗು ಸುಮ್ಮನಿರಬೇಕು. ಸುಮ್ಮನಿದ್ದರೆ ಡಿಪೋದ ಬಳಿ ಅದು ಕಿರುಚಿದ್ದಕ್ಕೆ ಬೆಲೆ ಬರುತ್ತದೆ, ವರದಿ ಹೊರಡುತ್ತದೆ, ಅಕ್ಕನಿಗೆ ಚೀಟಿ ಸಿಗುತ್ತದೆ. ನನಗೆ ಬೇಕಾಗಿದ್ದದ್ದು ಒಂದು ಯಂತ್ರದ ಮೌನ ಮಾತ್ರ.

ಮೊದಲ ರಂಧ್ರದಲ್ಲೇ ಅದು ಕಿರುಚಿತು. ಎರಡನೆಯದರಲ್ಲೂ ಕಿರುಚಿತು. ಮೂರನೆಯದರಲ್ಲಿ ಡಿಪೋವನ್ನೂ ಮೀರಿಸಿತು.

ಹಿರಿಯರು ಛತ್ರಿಯ ಕೆಳಗೆ ಕುಳಿತು ಮತ್ತೆ ಜೀವಾಣುವಿನ ಬಗ್ಗೆ ಯೋಚಿಸತೊಡಗಿದರು. ನಾನು ನಾಲ್ಕನೆಯ ರಂಧ್ರ ಕೊರೆಯಬೇಕಿದ್ದ ಜಾಗಕ್ಕೆ ಮೇಸ್ತ್ರಿಗಿಂತ ಮೊದಲೇ ಹೋಗಿ ನಮ್ಮ ಜೀಪಿನ ಹಿಂದೆ ಅಡಗಿ ನಿಂತೆ. ಮೇಸ್ತ್ರಿ ಬಂದರು, ಕೊರೆದರು, ಸುತ್ತ ನೋಡಿದರು. ಜೇಬಿನಿಂದ ವೀಳ್ಯದೆಲೆ ತೆಗೆದು ರಂಧ್ರದ ಬಾಯಿಗಿಟ್ಟು, ಅದರ ಮೇಲೆ ಕರ್ಪೂರ ಹಚ್ಚಿ, ಕೈಮುಗಿದು ತೆಲುಗಿನಲ್ಲಿ ಕ್ಷಮೆ ಕೇಳಿದರು. ಉರಿದು ಮಿಕ್ಕಿದ್ದನ್ನು ಗೌರವದಿಂದ ಒಳಕ್ಕೆ ತಳ್ಳಿದರು. ಆ ಕರ್ಪೂರದ ಆವಿಯನ್ನೇ ನಮ್ಮ ಮೂಗು ಎಳೆದುಕೊಳ್ಳುತ್ತಿತ್ತು.

ಯಾಕೆ ಎಂದು ಕೇಳಿದೆ. ಭೂಮಿತಾಯಿಯನ್ನು ಚುಚ್ಚಿದ ಮೇಲೆ ಒಂದು ಮಾತು ಹೇಳದೆ ಹೇಗಿರುವುದು ಎಂದರು. ತೆಲುಗಿನಲ್ಲಿ ಯಾಕೆ ಎಂದೆ. ಈ ನೆಲ ಮೊದಲು ಆಂಧ್ರದ ಜಿಲ್ಲೆಗಳ ಜೊತೆ ಮದರಾಸಿನ ಕೈಕೆಳಗೆ ಇತ್ತಲ್ಲ, ತೆಲುಗು ಹಳೆಯ ಪರಿಚಯ ಎಂದರು. ಆಗ ನನಗೆ ಭಯವಾಯಿತು. ಡಿಪೋದ ಬಳಿ ಕೊರೆದ ರಂಧ್ರಗಳಲ್ಲೂ ಇದೇ ಪೂಜೆ ನಡೆದಿದ್ದರೆ ಅಲ್ಲಿಯ ಮಣ್ಣಿನ ಅಂಕಿಗಳೆಲ್ಲ ಕರ್ಪೂರವೇ.

“ಡಿಪೋದಾಗೂ ಹಚ್ಚಿದ್ರೇನು?”

“ಅಲ್ಲಿ ಹಚ್ಚಲಿಲ್ರಿ ಮೇಡಂ” ಎಂದರು ಮೇಸ್ತ್ರಿ, ತಪ್ಪೊಪ್ಪಿಕೊಳ್ಳುವವರಂತೆ ತಲೆ ತಗ್ಗಿಸಿ. “ಕೊರದ ಕೂಡ್ಲೆ ಪೆಟ್ರೋಲ್ ವಾಸ್ನಿ ಬಂತು. ಕಡ್ಡಿ ಗೀರಾಕ ಧೈರ್ಯ ಆಗ್ಲಿಲ್ಲ.”

ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಯಾವ ಪ್ರಯೋಗಾಲಯವೂ ಕೊಡಲಾರದು ಎಂದು, ಮೇಸ್ತ್ರಿಯ ಹೇಳಿಕೆಯನ್ನು ಹಾಗೆಯೇ ವರದಿಗೆ ಸೇರಿಸಿದೆ. ಹಿರಿಯರು ಆ ಪುಟವನ್ನು ತೆಗೆದುಹಾಕಿದರು. ಕಾರಣ ಕೇಳಿದೆ. ಮೇಸ್ತ್ರಿಯ ಮೂಗು ಪ್ರಮಾಣೀಕೃತವಲ್ಲ ಎಂದರು.

೫. ಫಲಕ

ವರದಿ ಹೋಯಿತು. ಕರ್ಪೂರದ ಪ್ರಸಂಗವನ್ನು ಮುಚ್ಚಿಡಲು ನಾನು ಒಪ್ಪಿರಲಿಲ್ಲ. ಅದನ್ನೂ, ಆಮೇಲೆ ಕರ್ಪೂರವಿಲ್ಲದೆ ಕೊರೆದ ರಂಧ್ರಗಳಲ್ಲಿ ಯಂತ್ರ ಸುಮ್ಮನಿದ್ದದ್ದನ್ನೂ ಬರೆದಿದ್ದೆ. ಒಪ್ಪಿಗೆ ಕೊಡಬೇಕಾದ ಕಚೇರಿಯವರು ಮೊದಲನೆಯದನ್ನು ಮಾತ್ರ ಓದಿದರು. ಯಂತ್ರಕ್ಕೆ ಪೂಜಾಸಾಮಗ್ರಿಗೂ ಇಂಧನಕ್ಕೂ ಇರುವ ವ್ಯತ್ಯಾಸ ತಿಳಿಯದೆಂದೂ, ಹೆಚ್ಚಿನ ಅಧ್ಯಯನ ಅಗತ್ಯವೆಂದೂ, ಅಲ್ಲಿಯವರೆಗೆ ಮುನ್ನೆಚ್ಚರಿಕೆಯಾಗಿ ಒಂದು ಫಲಕ ಹಾಕಬಹುದೆಂದೂ ಉತ್ತರ ಬಂತು.

ಫಲಕವಾದರೂ ಆಗಲಿ ಎಂದು ಒಕ್ಕಣೆ ನಾನೇ ಬರೆದೆ: ‘ಈ ಕೈಪಂಪಿನ ನೀರಿನಲ್ಲಿ ಇಂಧನ ಬೆರೆತಿದೆ. ಕುಡಿಯಬಾರದು, ಅಡುಗೆಗೆ ಬಳಸಬಾರದು.’ ತಿದ್ದುಪಡಿಯಿಲ್ಲದೆ ಒಪ್ಪಿದರು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಎರಡು ವಾರದ ಮೇಲೆ ಕಡತದಲ್ಲಿ ಫೋಟೋ ನೋಡಿದೆ. ದೊಡ್ಡ ತಗಡಿನ ಫಲಕ, ದಪ್ಪ ಅಕ್ಷರ, ಸುತ್ತಲೂ ಜಾಲಿ. ಫೋಟೋ ತೆಗೆದದ್ದು ಬೇಲಿಯ ಒಳಗಿನಿಂದ. ಫಲಕವನ್ನು ಬೇಲಿಗೆ ಕಟ್ಟಿದ್ದರು, ಮುಖ ಒಳಕ್ಕೆ. ಯಾರೂ ಪ್ರವೇಶಿಸುವಂತಿಲ್ಲದ ಆ ಜಾಗದಲ್ಲಿ ಓದುವವರು ಯಾರು ಎಂದು ಕೇಳಿದೆ. ಸೈನಿಕ ನೆಲದ ವಿಷಯವನ್ನು ಸಾರ್ವಜನಿಕರಿಗೆ ಕಾಣುವಂತೆ ಹಾಕಲು ಮೇಲಿನಿಂದ ಅನುಮತಿ ಬೇಕು, ಒಳಮುಖವಾಗಿ ಹಾಕಲು ಬೇಕಿಲ್ಲ ಎಂಬ ವಿವರಣೆ ಸಿಕ್ಕಿತು. ಕಡತ ಮುಕ್ತಾಯವಾಗಿತ್ತು.

ಅಂದೇ ಹೊರಟೆ. ಕೌಲ್ ಬಜಾರ್ ತಲುಪುವವರೆಗೆ ಆಟೋದಲ್ಲಿ ಕುಳಿತಿದ್ದೆ; ಅಲ್ಲಿ ಗದ್ದಲದಲ್ಲಿ ಆಟೋ ನಿಂತಾಗ ತಡೆಯಲಾಗದೆ ಇಳಿದು ನಡೆದೆ. ದೂರದಿಂದಲೇ ಫಲಕದ ಹಿಂಬದಿ ಕಂಡಿತು. ಅದು ಖಾಲಿ ಇರಲಿಲ್ಲ. ಆಟೋಗಳ ಹಿಂದೆ ಬರೆಯುವ ಪೇಂಟರ್ ಒಬ್ಬರು, ಕೆಂಪು ಹಳದಿ ಬಣ್ಣದಲ್ಲಿ, ನೆರಳು ಕೊಟ್ಟು, ಬಹಳ ಅಂದವಾಗಿ ಬರೆದಿದ್ದರು: ‘ಇಲ್ಲಿ ಬಿಸಿ ಬಿಸಿ ಮಿರ್ಚಿ, ಒಗ್ಗರಣೆ, ಸ್ಪೆಷಲ್ ಚಹಾ ಸಿಗುತ್ತದೆ.’ ಅಕ್ಷರಗಳ ಕೆಳಗೆ ಹೊಗೆಯಾಡುವ ಗ್ಲಾಸಿನ ಚಿತ್ರ.

ಅಕ್ಕ ನನ್ನನ್ನು ನೋಡಿ ಹೆಮ್ಮೆಯಿಂದ ನಕ್ಕರು.

“ನೀವಂತೂ ಚೀಟಿ ಕೊಡ್ಲಿಲ್ಲ. ಅವರು ಬೋರ್ಡಾದ್ರೂ ಕೊಟ್ರು ನೋಡ್ರಿ.”

ಅದರ ಆಚೆ ಬದಿಯಲ್ಲಿ ಏನು ಬರೆದಿದೆ ಎಂದು ನಾನು ಹೇಳಿದೆ. ಪದ ಪದವಾಗಿ, ಕರಾರು ಮುರಿದು. ಅಕ್ಕನ ಕೈಯಲ್ಲಿದ್ದ, ಮಿರ್ಚಿ ಎತ್ತುವ ಜಾಲರಿ ಸೌಟು ಬಾಣಲೆಯ ಮೇಲೆಯೇ ನಿಂತಿತು. ಅವರು ಒಲೆಯ ಮೇಲೆ ಕುದಿಯುತ್ತಿದ್ದ ಚಹಾವನ್ನು ನೋಡಿದರು, ಕೊಡ ಹಿಡಿದು ಕೈಪಂಪಿನ ಮುಂದೆ ನಿಂತ ಹೆಂಗಸರನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಪಾತ್ರೆಯ ಚಹಾವನ್ನೆಲ್ಲ ಚರಂಡಿಗೆ ಸುರಿದರು.

“ನನ್ನ ಮಾತು ಯಾರು ನಂಬ್ತಾರ? ಈಗರ ಬರ್ದು ಕೊಡ್ರಿ.”

ಬರೆದು ಕೊಟ್ಟಿದ್ದೇನೆ. ಚೀಟಿ ಇದೇ. ನಮ್ಮ ಕಚೇರಿಯಲ್ಲಿ ಇದನ್ನು ಓದುವ ದಿನ ನನ್ನ ಕೆಲಸ ಹೋಗುತ್ತದೆ. ಅದಕ್ಕೆ ಯಾವ ಅನುಮತಿಯೂ ಬೇಕಾಗುವುದಿಲ್ಲ. ಇದನ್ನು ಓದಿದವರು ದಯವಿಟ್ಟು ಇನ್ನೊಬ್ಬರಿಗೆ ದಾಟಿಸಿ. ಅವರು ಮತ್ತೊಬ್ಬರಿಗೆ, ವಾರ್ಡ್ ಆಫೀಸಿನ ಮೇಜು ಮುಟ್ಟುವವರೆಗೆ. ಬೇಲಿಯ ಆಚೆಗೆ ಕಳಿಸುವುದು ಬೇಡ. ಅಲ್ಲಿಯ ಜಾಲಿಗೆ ಈಗಾಗಲೇ ವಿಷಯ ಗೊತ್ತಿದೆ.