ಶುಕ್ರವಾರದ ಇರುವೆಗಳು

ಕಣ್ಣ ಮುಂದಿರುವುದೇ ಕಾಣಿಸದೆ ಹೋಗುವ ಒಂದು ಕಾಯಿಲೆ ನನಗಿದೆ. ಕನ್ನಡಕ ಬದಲಾಯಿಸಿದರೂ ವಾಸಿಯಾಗಲಿಲ್ಲ. ಹೆಂಡತಿ ಸಾಸಿವೆ ಡಬ್ಬಿ ಕೇಳಿದರೆ ಅಡುಗೆಮನೆಯ ಗೂಡುಗಳನ್ನೆಲ್ಲ ತಡಕಾಡಿ, "ಇಲ್ಲಿ ಇಲ್ಲವೇ ಇಲ್ಲ ಕಣೇ" ಎಂದು ಘೋಷಿಸುತ್ತೇನೆ. ಅವಳು ಬಂದು ನನ್ನ ಮೂಗಿನ ನೇರಕ್ಕಿರುವ ಡಬ್ಬಿಯನ್ನು ತೆಗೆದುಕೊಂಡು ಹೋಗುತ್ತಾಳೆ. ಇಂಥವನು ಪ್ರಾಣಿಶಾಸ್ತ್ರದ ಮೇಷ್ಟ್ರು ಹೇಗಾದ ಎಂಬುದು ಅವಳಿಗೆ ಇನ್ನೂ ಬಗೆಹರಿದಿಲ್ಲ. ಅದಕ್ಕೆ ಕಾರಣ ನಮ್ಮಕ್ಕ, ಜೊತೆಗೆ ಒಂದಷ್ಟು ಇರುವೆಗಳು.

ಐವತ್ತರ ದಶಕದ ಮಾತು. ರಾಜಾಜಿನಗರ ಆಗಿನ್ನೂ ಹೊಸ ಬಡಾವಣೆ. ನಾಲ್ಕು ಮನೆ, ನಲವತ್ತು ಖಾಲಿ ನಿವೇಶನ, ಎಲ್ಲೆಲ್ಲೂ ಕೆಮ್ಮಣ್ಣು. ಅಲ್ಲಿ ಅಕ್ಕ ಭಾವನ ಮನೆಯಲ್ಲಿದ್ದುಕೊಂಡು ನಾನು ಬಿ.ಎಸ್ಸಿ. ಓದುತ್ತಿದ್ದೆ. ಬೇಸಿಗೆ ರಜೆ ಬರುವ ಮುಂಚೆ ನಮ್ಮ ಪ್ರೊಫೆಸರರು ನಾಲ್ವರನ್ನು ಆರಿಸಿ ನಿಲ್ಲಿಸಿ, "ರಜೆಯಲ್ಲಿ ಮಾವಿನಹಣ್ಣು ತಿಂದು ಮಲಗಬೇಡಿ. ಒಬ್ಬೊಬ್ಬರು ಒಂದೊಂದು ಪ್ರಾಣಿ ಇಟ್ಟುಕೊಂಡು ಸಂಶೋಧನೆ ಮಾಡಿ" ಎಂದರು. ಚೆನ್ನಾಗಿ ಮಾಡಿದ ಒಬ್ಬನಿಗೆ ಎಂ.ಎಸ್ಸಿ. ಸೀಟಿಗೆ ಶಿಫಾರಸು ಪತ್ರ. ಒಬ್ಬನಿಗೆ ಕಪ್ಪೆ ಬಂತು, ಒಬ್ಬನಿಗೆ ಎರೆಹುಳು, ಇನ್ನೊಬ್ಬನಿಗೆ ಜಿರಲೆ. ನನಗೆ ಇರುವೆ. ಪತ್ರ ಸಿಗದಿದ್ದರೆ ಭಾವ ತಮ್ಮ ಕಾರ್ಖಾನೆಯಲ್ಲಿ ನನಗೊಂದು ಗುಮಾಸ್ತೆ ಕೆಲಸ ನೋಡಿಟ್ಟಿದ್ದರು. ಆ ಕೆಲಸವನ್ನು ನೆನೆದರೇ ನನಗೆ ಆಕಳಿಕೆ ಬರುತ್ತಿತ್ತು. ಸೀಟು ಬೇಕೇ ಬೇಕಿತ್ತು.

ಸರಿ, ದಿನಾ ಬೆಳಿಗ್ಗೆ ಆರು ಗಂಟೆಗೆ ಸ್ಟೂಲು, ಕೊಡೆ, ಟೈಂಪೀಸು, ನೋಟುಬುಕ್ಕು ಹಿಡಿದು ಗೇಟಿನ ಒಳಗೆ ಕೂರುವುದು, ಹೊಸಿಲಿನ ಮುಂದೆ ಓಡಾಡುವ ಇರುವೆಗಳನ್ನು ಅರ್ಧ ಗಂಟೆಗೊಮ್ಮೆ ಎಣಿಸುವುದು. ಹೀಗೆ ಬರೆದುಕೊಳ್ಳುತ್ತ ಕೂತವನನ್ನು ಕಂಡು ಬಡಾವಣೆಯವರು ನನ್ನನ್ನು ಸರ್ಕಾರದ ಸರ್ವೇಯವನೆಂದೇ ತೀರ್ಮಾನಿಸಿದರು. ಪಕ್ಕದ ಹಳ್ಳಿಯಿಂದ ಹಸು ಹೊಡೆದುಕೊಂಡು ಬರುವ ಮುದುಕರೊಬ್ಬರು ಗೇಟಿನಾಚೆ ನಿಂತು, "ಸ್ವಾಮಿ, ನಮ್ ಕಡೆ ಚರಂಡಿ ಯಾವಾಗ ತೋಡ್ತೀರಾ?" ಎಂದು ಕೇಳಿದರು. ನಾನು ಇರುವೆ ಎಣಿಸುತ್ತಿದ್ದೇನೆ ಎಂದೆ. "ಆಗಲಿ, ಅದನ್ನ ಮುಗ್ಸಿಯೇ ಬನ್ನಿ" ಎಂದು ಸಮಾಧಾನದಿಂದ ಹೋದರು.

ಮೂರು ವಾರ ಕಳೆಯುವಷ್ಟರಲ್ಲಿ ನನಗೆ ಮೈ ಜುಂ ಎನ್ನುವ ಸಂಗತಿಯೊಂದು ಕಾಣಿಸಿತು. ಇರುವೆಗಳು ದಿನವೂ ಆರೂವರೆಗೆ ಸರಿಯಾಗಿ ಹೊರಡುತ್ತಿದ್ದವು. ಮಂಗಳವಾರ ಮತ್ತು ಶುಕ್ರವಾರ ಮಾತ್ರ ಅವುಗಳ ಸಂಖ್ಯೆ ಮೂರುಪಟ್ಟು! ಇರುವೆಗೆ ವಾರ ಗೊತ್ತು! ಜಗತ್ತಿನಲ್ಲಿ ಯಾರಿಗೂ ತಿಳಿಯದ ಸತ್ಯ ರಾಜಾಜಿನಗರದ ಒಂದು ಸ್ಟೂಲಿನ ಮೇಲೆ ಕೂತವನಿಗೆ ತಿಳಿದುಬಿಟ್ಟಿತ್ತು. ಅಂದವಾದ ಅಕ್ಷರದಲ್ಲಿ ವರದಿ ಬರೆದು ಕಳಿಸಿದೆ. ಮುಂದಿನ ಶುಕ್ರವಾರ ಖುದ್ದು ಬಂದು ನೋಡುತ್ತೇನೆಂದು ಪ್ರೊಫೆಸರರ ಕಾರ್ಡು ಬಂತು. ನನಗೆ ರಾತ್ರಿಯೆಲ್ಲ ಎಂ.ಎಸ್ಸಿ.ಯದೇ ಕನಸು.

ಶುಕ್ರವಾರ ಮೊದಲನೆಯ ಬಸ್ಸಿಗೇ ಅವರು ಬಂದರು. ಸ್ಟೂಲು ಅವರಿಗೆ ಬಿಟ್ಟುಕೊಟ್ಟು ನಾನು ಪಕ್ಕದಲ್ಲಿ ನಿಂತೆ. ಆರೂವರೆ ಆಯಿತು. ಏಳಾಯಿತು. ಒಂದೇ ಒಂದು ಇರುವೆ ಬಂದು, ಅತ್ತಿತ್ತ ನೋಡಿ, ವಾಪಸು ಹೋಯಿತು. ಏಳೂವರೆಗೆ ಅಕ್ಕ ಕಾಫಿ ತಂದಳು. ನನ್ನ ಮುಖ ನೋಡಿ, "ಯಾಕೋ, ಏನಾಯ್ತೋ?" ಎಂದಳು. ಇರುವೆ ಬರಲಿಲ್ಲ ಎಂದೆ.

"ಅಯ್ಯೋ, ಹೆಂಗೆ ಬರ್ತಾವೋ? ದೊಡ್ಡೋರು ಬರ್ತಾರೆ, ಬೆಳ್ಳಗೆ ಎದ್ದು ಕಾಣ್ಲಿ ಅಂತ ನಿಮ್ಮ ಭಾವನ ಕೈಲಿ ಪೇಟೆಯಿಂದ ಕಲ್ಲಿನ ಪುಡಿ ತರ್ಸಿ ರಂಗೋಲಿ ಹಾಕಿದೀನಿ. ದಿನಾ ಹಾಕೋದು ಅಕ್ಕಿಹಿಟ್ಟು ಕಣೋ. ಮಂಗಳವಾರ, ಶುಕ್ರವಾರ ದೊಡ್ಡದಾಗಿ ಹಾಕ್ತೀನಿ, ಅವೂ ದಂಡಾಗಿ ಬರ್ತಾವೆ. ಇವತ್ತೂ ಇರುವೆ ಬೇಕು ಅಂತ ಒಂದ್ ಮಾತು ಹೇಳಿದ್ರೆ ಹಿಟ್ಟೇ ಹಾಕ್ತಿರ್ಲಿಲ್ವಾ?"

ಪ್ರೊಫೆಸರರು ಕಾಫಿ ಲೋಟ ಕೆಳಗಿಟ್ಟು ನನ್ನ ಕಚ್ಚಾ ನೋಟುಬುಕ್ಕು ಕೇಳಿದರು. ಅದರಲ್ಲಿ 'ಅಡಚಣೆಗಳು' ಎಂದು ಒಂದು ಅಂಕಣವಿತ್ತು. ವಿಜ್ಞಾನಕ್ಕೆ ಸಂಬಂಧವಿಲ್ಲವೆಂದು ಅದನ್ನು ವರದಿಯಲ್ಲಿ ಬಿಟ್ಟಿದ್ದೆ. ಅವರು ಗಟ್ಟಿಯಾಗಿ ಓದತೊಡಗಿದರು. "ಸೋಮವಾರ: ಅಕ್ಕನ ರಂಗೋಲಿ ಚಿಕ್ಕದು, ತೊಂದರೆಯಿಲ್ಲ. ಮಂಗಳವಾರ: ರಂಗೋಲಿ ದೊಡ್ಡದು, ಎಣಿಸಲು ಬಹಳ ತೊಂದರೆ. ಶುಕ್ರವಾರ: ಮತ್ತೆ ದೊಡ್ಡ ರಂಗೋಲಿ. ಇರುವೆಗಳು ಅದರ ಮೇಲೇ ನಿಂತುಬಿಡುತ್ತವೆ, ಕಾರಣ ತಿಳಿಯದು." ಮುಂದೆ ಓದಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ತಲೆ ಎತ್ತಲಾಗದಷ್ಟು ನಾಚಿಕೆ. ಹುಟ್ಟಿದಾಗಿನಿಂದ ರಂಗೋಲಿ ದಾಟಿಕೊಂಡೇ ಓಡಾಡಿದವನಿಗೆ ಅದು ಹಿಟ್ಟೆಂದು ಹೊಳೆದಿರಲಿಲ್ಲ.

ನಗು ನಿಂತ ಮೇಲೆ ಅವರು ಅಕ್ಕನ ಕಡೆ ತಿರುಗಿ, "ಯಾವ ಇರುವೆ ಬರುತ್ತಮ್ಮ?" ಎಂದರು. "ಕರೀದು ಸಾರ್. ಕೆಂಪಿರುವೆ ಹಿಟ್ಟು ಮುಟ್ಟಲ್ಲ. ಮೋಡ ಆದ ದಿನ ಅಂಚಿನ ಗೆರೆ ಮಾತ್ರ ಹೊತ್ಕೊಂಡು ಹೋಗ್ತಾವೆ" ಎಂದಳು ಅಕ್ಕ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. ಪ್ರೊಫೆಸರರು ನನ್ನದೇ ನೋಟುಬುಕ್ಕಿನಲ್ಲಿ ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡರು. ನಾನು ಕೊಡೆ ಹಿಡಿದೆ.

ಗುಮಾಸ್ತೆ ಕೆಲಸವೇ ಗತಿ ಎಂದುಕೊಂಡೆ. ಹದಿನೈದು ದಿನದ ಮೇಲೆ ಶಿಫಾರಸು ಪತ್ರ ನನ್ನ ಹೆಸರಿಗೇ ಬಂತು. "ಈ ಹುಡುಗ ಅರ್ಥವಾಗದಿದ್ದರೂ ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದಿಡುತ್ತಾನೆ. ಅರ್ಥ ಮಾಡಿಕೊಳ್ಳುವುದನ್ನು ಎಂ.ಎಸ್ಸಿ.ಯಲ್ಲಿ ಕಲಿಸಬಹುದು" ಎಂದಿತ್ತು. ಅಕ್ಕನಿಗೆ ಓದಿ ಹೇಳಿದೆ. "ಸದ್ಯ, ಇನ್ನಾದ್ರೂ ಆ ಸ್ಟೂಲ್ ಎತ್ತೋ, ಗುಡಿಸ್ಬೇಕು" ಎಂದಳು. ಆದರೆ ಆ ದಿನ ಮಂಗಳವಾರ, ಶುಕ್ರವಾರ ಎರಡೂ ಅಲ್ಲದಿದ್ದರೂ ದೊಡ್ಡ ರಂಗೋಲಿ ಹಾಕಿದ್ದಳು.

ಈಗ ನಾನೂ ಬೇಸಿಗೆಯಲ್ಲಿ ಹುಡುಗ ಹುಡುಗಿಯರಿಗೆ ಒಂದೊಂದು ಪ್ರಾಣಿ ಹಂಚಿ, ಅಡಚಣೆಯ ಅಂಕಣ ಬಿಡಕೂಡದೆಂದು ಉಪದೇಶ ಮಾಡುತ್ತೇನೆ. ಮೊನ್ನೆ ಜೇಡವನ್ನು ನೋಡುತ್ತಿರುವ ಹುಡುಗಿಯ ನೋಟುಬುಕ್ಕು ತೆರೆದೆ. ಆ ಅಂಕಣದಲ್ಲಿ ಸತತ ಆರು ದಿನ ಒಂದೇ ಸಾಲಿತ್ತು: "ಮೇಷ್ಟ್ರು ಬಂದು ಇರುವೆಯ ಕತೆ ಹೇಳಿದರು. ಅಷ್ಟರಲ್ಲಿ ಜೇಡ ಹೊರಟುಹೋಯಿತು." ನಾನು ಆ ಆರು ದಿನವೂ ಅಲ್ಲೇ ನಿಂತಿದ್ದೆ. ಜೇಡ ಹೋದದ್ದು ಒಮ್ಮೆಯೂ ಕಾಣಿಸಿರಲಿಲ್ಲ.